ಪಾಲಿಹೌಸ್‌ನಲ್ಲಿ ಹೀರೆ, ಹಾಗಲ ಹೂ ಬಿಡುತ್ತೆ, ಕಾಯಿ ಯಾಕೆ ನಿಲ್ಲಲ್ಲ?

ನೀವು ಬರೆದದ್ದು ಇಷ್ಟು: ಕಾಲು ಎಕರೆ ಪಾಲಿಹೌಸ್ (ಪ್ಲಾಸ್ಟಿಕ್ ಹಾಳೆ ಹೊದಿಸಿದ ಬೆಳೆ ಮನೆ), ಹಿಂದಿನ ಬೆಳೆ ಕ್ಯಾಪ್ಸಿಕಂ, ಈ ಸಲ ಹೀರೆ ಮತ್ತು ಹಾಗಲ. ಬಳ್ಳಿ ಮೇಲಿನ ತಂತಿ ಮುಟ್ಟಿದೆ, ಹೂವು ದಂಡಿಯಾಗಿದೆ, ಆದರೆ ಹೀಚು ಬೆರಳುದ್ದ ಆಗುವ ಮೊದಲೇ ಹಳದಿಯಾಗಿ ಉದುರುತ್ತಿದೆ. ಔಷಧಿ ಅಂಗಡಿಯವರು ಬೋರಾನ್ ಅನ್ನೋ ಲಘು ಪೋಷಕಾಂಶ ಹೊಡೆಯಿರಿ ಅಂದಿದ್ದಾರೆ.

ಬೋರಾನ್ ಸದ್ಯಕ್ಕೆ ಪಕ್ಕಕ್ಕಿಡಿ. ಎಲೆ ಹಸಿರಾಗಿದ್ದು, ಕುಡಿ ಚೆನ್ನಾಗಿ ಓಡುತ್ತಿದ್ದು, ಹೀಚು ಮಾತ್ರ ಉದುರಿದರೆ ಮೊದಲು ನೋಡಬೇಕಾದ್ದು ಪರಾಗಸ್ಪರ್ಶ. ನಾನು ದೊಡ್ಡಬಳ್ಳಾಪುರದ ಕಡೆ ಪಾಲಿಹೌಸ್‌ನಲ್ಲಿ ಬಳ್ಳಿ ಬೆಳೆಯುವವನು, ಇಲ್ಲಿ ಹೊಸದಾಗಿ ಕ್ಯಾಪ್ಸಿಕಂ ಬಿಟ್ಟು ಬಳ್ಳಿಗೆ ಬಂದವರೆಲ್ಲ ಇದೇ ಕೇಳುತ್ತಾರೆ. ಕ್ಯಾಪ್ಸಿಕಂ ಹೂವಿನಲ್ಲಿ ಗಂಡು, ಹೆಣ್ಣು ಎರಡೂ ಒಂದೇ ಕಡೆ ಇರುತ್ತೆ, ತನ್ನಷ್ಟಕ್ಕೆ ಕಾಯಿ ಕಟ್ಟುತ್ತೆ. ಹೀರೆ, ಹಾಗಲ ಹಾಗಲ್ಲ. ಒಂದೇ ಬಳ್ಳಿಯಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಹೆಣ್ಣು ಹೂವಿನ ಬುಡದಲ್ಲಿ ಪುಟ್ಟ ಕಾಯಿ ಮೊದಲೇ ಇರುತ್ತೆ, ಅದನ್ನೇ ನಾವು ಕಾಯಿ ಕಚ್ಚಿತು ಅಂದುಕೊಳ್ಳೋದು. ಪರಾಗ ತಲುಪದಿದ್ದರೆ ಅದು ಎರಡು ಮೂರು ದಿನದಲ್ಲಿ ಸುಕ್ಕಿ ಬೀಳುತ್ತೆ.

ಪರಾಗ ತಲುಪಿಸೋರು ಯಾರು? ನೀವು ಸುತ್ತ 40 ಮೆಶ್ (ಇಂಚಿಗೆ 40 ಕಣ್ಣಿನ) ಕೀಟದ ಬಲೆ ಕಟ್ಟಿ ಎರಡು ಬಾಗಿಲು ಇಟ್ಟಿದ್ದೀರಿ. ಹಾಗಲವನ್ನು ಬಯಲಲ್ಲಿ ಹಾಳು ಮಾಡುವ ಹಣ್ಣು ನೊಣ ಒಳಗೆ ಬರಲ್ಲ, ನಿಜ. ಜೇನೂ ಬರಲ್ಲ.

ಈಗಿರುವ ಬೆಳೆ ಉಳಿಸಿಕೊಳ್ಳಲು ಕೈಯಿಂದಲೇ ಮಾಡಬೇಕು. ಆಗ ತಾನೇ ಅರಳಿದ ಗಂಡು ಹೂ ಕಿತ್ತು, ದಳ ಬಿಡಿಸಿ ಹಾಕಿ. ನಡುವೆ ಉಳಿದ ಹಳದಿ ಪುಡಿಯ ಭಾಗವನ್ನು ಹೆಣ್ಣು ಹೂವಿನ ನಡುವಿನ ಅಂಟಂಟಾದ ಜಾಗಕ್ಕೆ ಮೆಲ್ಲಗೆ ಸವರಿ. ಬೆರಳಿಗೆ ಹಳದಿ ಹತ್ತಿದರೆ ಪರಾಗ ಸರಿಯಾಗಿದೆ ಅಂತ. ಒಂದು ಗಂಡು ಹೂ ಎರಡು ಮೂರು ಹೆಣ್ಣು ಹೂವಿಗೆ ಸಾಕು.

ಎಡವಟ್ಟಾಗೋದು ಹೊತ್ತಿನ ವಿಷಯದಲ್ಲಿ. ಹಾಗಲ ಅರಳೋದು ಬೆಳಗಿನ ಜಾವ, ಹಾಗಾಗಿ ಆಳುಗಳು ಒಂಬತ್ತು ಗಂಟೆಯೊಳಗೆ ಕೆಲಸ ಮುಗಿಸಬೇಕು. ಹೀರೆ ಅರಳೋದು ಸಂಜೆ. ಸೋರೆ, ಪಡವಲ ಕೂಡ ಅದೇ ಜಾತಕ. ಬೆಳಿಗ್ಗೆ ಹತ್ತು ಗಂಟೆಗೆ ಹೋಗಿ ಹೀರೆ ಹೂವಿಗೆ ಸವರಿದರೆ ಶ್ರಮ ದಂಡ. ತುಪ್ಪದ ಹೀರೆ ಮಾತ್ರ ಬೆಳಿಗ್ಗೆ ಅರಳುತ್ತೆ, ಎರಡನ್ನೂ ಒಂದೇ ಅಂದುಕೊಳ್ಳಬೇಡಿ.

ಜೇನುಪೆಟ್ಟಿಗೆ ಇಡಬಹುದೇ ಅಂತಲೂ ಕೇಳಿದ್ದೀರಿ. ತುಡುವೆ ಜೇನು ಮುಚ್ಚಿದ ಮನೆಯಲ್ಲಿ ಬೆಳಕಿನ ಕಡೆ ಹಾರಿ ಹಾಳೆಗೆ ಬಡಿದು ಸಾಯುವುದೇ ಹೆಚ್ಚು. ಮುಜಂಟಿ ಜೇನು ಮೇಲು: ಚುಚ್ಚಲ್ಲ, ದೂರ ಹೋಗಲ್ಲ, ಹಾಗಲಕ್ಕೆ ಒಗ್ಗುತ್ತೆ. ಆದರೆ ಹೀರೆ ಅರಳುವ ಹೊತ್ತಿಗೆ ಅದು ಗೂಡು ಸೇರಿರುತ್ತೆ. ಪೆಟ್ಟಿಗೆ ಇಟ್ಟ ಮೇಲೆ ಕೀಟನಾಶಕ ಬೇಕಾಬಿಟ್ಟಿ ಹೊಡೆಯುವ ಹಾಗೂ ಇಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಹೀರೆ, ಹಾಗಲಕ್ಕೆ ಪಾಲಿಹೌಸ್ ದುಬಾರಿ ಮನೆ. ಅವನ್ನು ಬಯಲಲ್ಲಿ ಚಪ್ಪರಕ್ಕೆ ಹಬ್ಬಿಸಿ, ಹಣ್ಣು ನೊಣಕ್ಕೆ ಮೋಹಕ ಬಲೆ (ವಾಸನೆಯಿಂದ ನೊಣವನ್ನು ಸೆಳೆದು ಹಿಡಿಯುವಂಥದ್ದು) ತೂಗುಹಾಕಿ. ಒಳಗೆ ಬೀಜವಿಲ್ಲದ ಸೌತೆ ಹಾಕಿ, ಅದರ ಹೂವೆಲ್ಲ ಹೆಚ್ಚುಕಮ್ಮಿ ಹೆಣ್ಣೇ, ಪರಾಗವೇ ಬೇಡ. ದೆಹಲಿಯ ಪೂಸಾ ಸಂಸ್ಥೆ ಬಿಡುಗಡೆ ಮಾಡಿದ ತಳಿಯೂ ಇದೆ, ಖಾಸಗಿ ಕಂಪನಿಗಳ ಹೈಬ್ರಿಡ್‌ಗಳೂ ಇವೆ. ಬಿತ್ತನೆ ಬೀಜದ ಬೆಲೆ ಕಣ್ಣು ಕೆಂಪಗಾಗಿಸುತ್ತೆ, ಒಂದೊಂದು ಬೀಜವನ್ನೂ ಟ್ರೇಯಲ್ಲಿ ಮೊಳೆಸಿಯೇ ನೆಡಿ. ಪಕ್ಕದಲ್ಲಿ ನಾಟಿ ಸೌತೆ, ಒಳಗೆ ಜೇನು ಎರಡೂ ಇದ್ದರೆ ಈ ಸೌತೆಯಲ್ಲೂ ಬೀಜ ಕಟ್ಟಿ ತುದಿ ಊದಿಕೊಳ್ಳುತ್ತೆ, ಮಾರುಕಟ್ಟೆಯಲ್ಲಿ ಅದನ್ನು ಬದಿಗೆ ಹಾಕುತ್ತಾರೆ.

ಸೌತೆ ಹಬ್ಬಿಸೋದು ಹೀಗೆ. ಬುಡದಿಂದ ಮೊಣಕಾಲೆತ್ತರದವರೆಗೆ ಪಕ್ಕದ ಚಿಗುರು, ಹೂವು ಎಲ್ಲ ಚಿವುಟಿ, ಒಂದೇ ಕಾಂಡ ಬಿಡಿ. ದಾರವನ್ನು ಬುಡಕ್ಕೆ ಸಡಿಲವಾಗಿ ಕಟ್ಟಿ, ಕಾಂಡವನ್ನು ಅದಕ್ಕೆ ಸುತ್ತುತ್ತಾ ಹೋಗಿ. ಕಾಂಡ ದಪ್ಪಗಾಗುತ್ತೆ, ಬಿಗಿಯಾಗಿ ಕಟ್ಟಿದರೆ ಕತ್ತು ಹಿಸುಕಿದ ಹಾಗೆ. ತಂತಿ ತಲುಪಿದ ಮೇಲೆ ಕುಡಿ ಮುರಿದು, ಎರಡು ಕವಲು ಕೆಳಗೆ ಇಳಿಬಿಡಿ. ಈ ಭಾರದ ತಂತಿಯನ್ನು ಪಾಲಿಹೌಸ್‌ನ ಪೈಪಿಗೆ ಬಿಗಿಯುವ ಮುಂಚೆ ಅದು ಬೆಳೆಯ ಭಾರಕ್ಕೂ ಲೆಕ್ಕ ಹಾಕಿದ ಪೈಪೇ ಅಂತ ಕಟ್ಟಿದವರನ್ನು ಕೇಳಿ. ಅಲ್ಲದಿದ್ದರೆ ಪ್ರತ್ಯೇಕ ಕಂಬ ನೆಡಿ.

ಹೀರೆ ಕಿತ್ತು ಹಾಕುವಾಗ ನಾಲ್ಕಾರು ಕಡೆ ಬೇರು ತೊಳೆದು ನೋಡಿ. ಕ್ಯಾಪ್ಸಿಕಂ ಬೆಳೆದ ನೆಲದಲ್ಲಿ ಗಂಟುಬೇರಿನ ಜಂತುಹುಳು ಇರುವ ಸಂಭವ ಹೆಚ್ಚು, ಸೌತೆ ಅದಕ್ಕೆ ಬೇಗ ಬಗ್ಗುತ್ತೆ. ಬೇರಿನಲ್ಲಿ ಮಣಿಯಂಥ ಗಂಟು ಕಂಡರೆ ತಕ್ಷಣ ಸೌತೆ ನೆಡಬೇಡಿ. ಮಣ್ಣಿನ ಕಾವಿಗೆ ಹುಳು ತಗ್ಗಲಿ ಅಂತ ಮಾರ್ಚ್–ಏಪ್ರಿಲ್ ಬಿಸಿಲಲ್ಲಿ ಮಡಿಗಳಿಗೆ ನೀರು ಕೊಟ್ಟು, ತೆಳು ಪಾರದರ್ಶಕ ಹಾಳೆ ಹೊದಿಸಿ ಅಂಚಿಗೆ ಮಣ್ಣು ಹಾಕಿ 4ರಿಂದ 6 ವಾರ ಬಿಡಿ. ಆಮೇಲೆ ಬೇವಿನ ಹಿಂಡಿ ಸೇರಿಸಿ ನೆಡಿ.