ಒಂದೇ ಮಾತ್ರೆಯಲ್ಲಿ ಎರಡು ಔಷಧ: ಖಿನ್ನತೆಯ ಚಿಕಿತ್ಸೆಯಲ್ಲಿರುವವರು ಗಮನಿಸಬೇಕಾದದ್ದು

ಪ್ರಶ್ನೆ: ನನ್ನ ತಾಯಿಗೆ 66 ವರ್ಷ. ಹತ್ತು ತಿಂಗಳ ಹಿಂದೆ ತಂದೆ ತೀರಿಕೊಂಡ ಮೇಲೆ ಅವರಿಗೆ ಊಟ ಸೇರುತ್ತಿರಲಿಲ್ಲ, ನಿದ್ದೆ ಬರುತ್ತಿರಲಿಲ್ಲ, ಎದೆ ಡವಗುಟ್ಟುತ್ತದೆ ಎನ್ನುತ್ತಿದ್ದರು. ಮನೋವೈದ್ಯರು ರಾತ್ರಿಗೆ ಒಂದು ಮಾತ್ರೆ ಬರೆದುಕೊಟ್ಟರು. ಈಗ ಸುಮಾರು ಆರು ತಿಂಗಳಿಂದ ಚೆನ್ನಾಗಿದ್ದಾರೆ. ಮತ್ತೆ ವೈದ್ಯರ ಬಳಿ ಹೋಗದೆ, ಹಳೆಯ ಚೀಟಿ ತೋರಿಸಿ ಮೆಡಿಕಲ್ ಶಾಪಿನಿಂದ ಅದೇ ಮಾತ್ರೆ ತರುತ್ತಿದ್ದೇವೆ. ‘ಇದು ನಿದ್ದೆ ಮಾತ್ರೆ, ಅಭ್ಯಾಸವಾದರೆ ಬಿಡಿಸಲಾಗುವುದಿಲ್ಲ’ ಎಂದು ನೆಂಟರೊಬ್ಬರು ಹೇಳಿದ್ದಕ್ಕೆ ತಾಯಿ ತಾವಾಗಿಯೇ ನಿಲ್ಲಿಸಿಬಿಟ್ಟರು. ಮೂರನೆಯ ದಿನಕ್ಕೆ ತಲೆಸುತ್ತು, ತಲೆಯೊಳಗೆ ಕರೆಂಟ್ ಹೊಡೆದಂಥ ಅನುಭವ, ರಾತ್ರಿಯೆಲ್ಲ ಎಚ್ಚರ, ಮಾತುಮಾತಿಗೆ ಸಿಡುಕು ಶುರುವಾಯಿತು. ಹೆದರಿ ಮತ್ತೆ ಕೊಡತೊಡಗಿದೆವು. ಸ್ಟ್ರಿಪ್ ಮೇಲೆ ಎಸ್ಸಿಟಾಲೋಪ್ರಾಮ್ 10 ಮಿ.ಗ್ರಾಂ, ಕ್ಲೋನಾಜೆಪಾಮ್ 0.5 ಮಿ.ಗ್ರಾಂ ಎಂದಿದೆ. ಬಿಪಿಗೆ ಟೆಲ್ಮಿಸಾರ್ಟನ್ ಮತ್ತು ಕ್ಲೋರ್ಥಾಲಿಡೋನ್ ಇರುವ ಮಾತ್ರೆ, ಮಂಡಿನೋವಿಗೆ ಆಗಾಗ ಡೈಕ್ಲೋಫೆನಾಕ್ ತೆಗೆದುಕೊಳ್ಳುತ್ತಾರೆ. ಇವೆಲ್ಲ ಒಟ್ಟಿಗೆ ಸುರಕ್ಷಿತವೇ? ಎಷ್ಟು ಕಾಲ ಮುಂದುವರಿಸಬೇಕು?
(ಓದುಗರು, ಹಾಸನ ಜಿಲ್ಲೆ)

ಉತ್ತರ: ಸ್ಟ್ರಿಪ್ ಮೇಲಿನ ಎರಡೂ ಹೆಸರುಗಳನ್ನು ಬರೆದು ಕಳುಹಿಸಿದ್ದು ಬಹಳ ಉಪಕಾರವಾಯಿತು. ಅನೇಕ ಮನೆಗಳಲ್ಲಿ ಕಂಪನಿ ಇಟ್ಟ ಹೆಸರನ್ನು ಮಾತ್ರ ನೆನಪಿಟ್ಟುಕೊಂಡು, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುವುದನ್ನು ಓದುವುದೇ ಇಲ್ಲ. ನಿಮ್ಮ ತಾಯಿಯವರು ನುಂಗುತ್ತಿರುವುದು ಒಂದು ಮಾತ್ರೆಯಾದರೂ ಅದರಲ್ಲಿರುವುದು ಎರಡು ಔಷಧ, ಮತ್ತು ಅವುಗಳ ಸ್ವಭಾವ ಪೂರ್ತಿ ಬೇರೆ.

ಎಸ್ಸಿಟಾಲೋಪ್ರಾಮ್ ಖಿನ್ನತೆ ಮತ್ತು ಆತಂಕದ ಕಾಯಿಲೆಗಳ ಮೂಲ ಚಿಕಿತ್ಸೆಗೆ ಬಳಸುವ ಔಷಧ. ಮಿದುಳಿನ ನರಕೋಶಗಳ ನಡುವೆ ಸೆರೊಟೋನಿನ್ ಎಂಬ ರಾಸಾಯನಿಕ ಹೆಚ್ಚು ಹೊತ್ತು ಲಭ್ಯವಾಗುವಂತೆ ಅದು ಮಾಡುತ್ತದೆ. ಅದರ ಗುಣ ಕಾಣಿಸಿಕೊಳ್ಳಲು ಎರಡರಿಂದ ನಾಲ್ಕು ವಾರ ಬೇಕು, ಪೂರ್ತಿ ಪ್ರಯೋಜನಕ್ಕೆ ಆರರಿಂದ ಎಂಟು ವಾರವೂ ಹಿಡಿಯಬಹುದು. ಇದು ನಿದ್ದೆ ಮಾತ್ರೆಯಲ್ಲ. ಇದಕ್ಕಾಗಿ ಮನಸ್ಸು ಹಾತೊರೆಯುವುದಾಗಲಿ, ಅದೇ ಪರಿಣಾಮಕ್ಕೆ ದಿನೇ ದಿನೇ ಹೆಚ್ಚು ಡೋಸ್ ಬೇಕೆನಿಸುವುದಾಗಲಿ ಆಗುವುದಿಲ್ಲ. ಕ್ಲೋನಾಜೆಪಾಮ್ ಹಾಗಲ್ಲ. ನುಂಗಿದ ಗಂಟೆಯೊಳಗೇ ಎದೆಬಡಿತದ ಗಾಬರಿ ತಗ್ಗಿ ನಿದ್ದೆ ಬರುತ್ತದೆ. ಮೊದಲ ಔಷಧ ಹಿಡಿತಕ್ಕೆ ಬರುವ ತನಕ, ಅಂದರೆ ಕೆಲವು ವಾರಗಳ ಮಟ್ಟಿಗೆ, ಅದರ ಆಸರೆ ಕೊಡುವುದು ತಪ್ಪಲ್ಲ. ಆದರೆ ತಿಂಗಳುಗಟ್ಟಲೆ ತೆಗೆದುಕೊಂಡರೆ ದೇಹ ಅದಕ್ಕೆ ಒಗ್ಗಿಕೊಳ್ಳುತ್ತದೆ. ನಿಮ್ಮ ನೆಂಟರು ಹೇಳಿದ ಮಾತು ಈ ಎರಡನೆಯ ಔಷಧದ ಮಟ್ಟಿಗೆ ನಿಜ, ಮೊದಲನೆಯದರ ಮಟ್ಟಿಗೆ ಅಲ್ಲ. ಎರಡನ್ನೂ ಒಂದೇ ಮಾತ್ರೆಯಲ್ಲಿ ಸೇರಿಸಿರುವುದರಿಂದ, ಕೆಲವೇ ವಾರ ಇರಬೇಕಾದದ್ದು ತಿಂಗಳುಗಟ್ಟಲೆ ಮುಂದುವರಿಯುತ್ತದೆ. ಮುಂದುವರಿಯಲೇಬೇಕಾದದ್ದು ಅದರ ಭಯದಿಂದಲೇ ನಿಂತುಹೋಗುತ್ತದೆ. ನಿಮ್ಮ ಮನೆಯಲ್ಲಿ ಇವೆರಡೂ ನಡೆದಿವೆ.

ಮೂರನೆಯ ದಿನ ಕಾಣಿಸಿಕೊಂಡ ತೊಂದರೆಗಳಲ್ಲಿ ತಲೆಸುತ್ತು, ಕರೆಂಟ್ ಹೊಡೆದಂಥ ಅನುಭವ ಮತ್ತು ಸಿಡುಕು ಎಸ್ಸಿಟಾಲೋಪ್ರಾಮ್ ಅನ್ನು ಥಟ್ಟನೆ ನಿಲ್ಲಿಸಿದಾಗ ಬರುವಂಥವು. ಚಟವಿರುವುದಕ್ಕೆ ಇವು ಸಾಕ್ಷಿಯಲ್ಲ, ಕಾಯಿಲೆ ಮರುಕಳಿಸಿತೆಂದೂ ಅರ್ಥವಲ್ಲ. ಮರುಕಳಿಸುವ ಖಿನ್ನತೆ ಸಾಮಾನ್ಯವಾಗಿ ವಾರಗಳಲ್ಲಿ ನಿಧಾನವಾಗಿ ಆವರಿಸುತ್ತದೆ, ಎರಡು ಮೂರು ದಿನದಲ್ಲಿ ಹೀಗೆ ತಲೆಸುತ್ತಿನೊಡನೆ ಬರುವುದಿಲ್ಲ. ರಾತ್ರಿಯಿಡೀ ಎಚ್ಚರವಿದ್ದುದರಲ್ಲಿ ಕ್ಲೋನಾಜೆಪಾಮ್ ನಿಲ್ಲಿಸಿದ್ದರ ಪಾಲೂ ಇದ್ದೀತು. ಬಹಳ ಕಾಲ ತೆಗೆದುಕೊಂಡವರು ಈ ಔಷಧವನ್ನು ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರುವ ಅಪಾಯವೂ ಇರುವುದರಿಂದ, ನೀವು ಮತ್ತೆ ಕೊಡಲು ಆರಂಭಿಸಿದ್ದು ಸರಿಯಾಯಿತು. ಇನ್ನು ಮುಂದೆ ಎಂದಾದರೂ ಒಂದು ದಿನ ಮಾತ್ರೆ ಮರೆತುಹೋದರೆ ಮರುದಿನ ಎರಡು ಕೊಡಬೇಡಿ, ಎಂದಿನ ಹೊತ್ತಿಗೆ ಒಂದನ್ನೇ ಕೊಡಿ.

ಈಗ ಅವರು ತೆಗೆದುಕೊಳ್ಳುತ್ತಿರುವ ಬೇರೆ ಔಷಧಗಳ ವಿಚಾರ. ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಕಳವಳ ಹುಟ್ಟಿಸಿದ್ದು ಇದೇ. ಕ್ಲೋರ್ಥಾಲಿಡೋನ್ ಮೂತ್ರದ ಮೂಲಕ ನೀರು ಮತ್ತು ಉಪ್ಪನ್ನು ಹೊರಹಾಕಿ ಬಿಪಿ ಇಳಿಸುವ ಔಷಧ. ಎಸ್ಸಿಟಾಲೋಪ್ರಾಮ್ ಬೇರೊಂದು ದಾರಿಯಲ್ಲಿ, ದೇಹ ನೀರನ್ನು ಹಿಡಿದಿಟ್ಟುಕೊಳ್ಳುವಂತೆ ಮಾಡಿ, ರಕ್ತದ ಸೋಡಿಯಂ ಅನ್ನು ತಗ್ಗಿಸಬಲ್ಲದು. ವಯಸ್ಸಾದವರಲ್ಲಿ, ಅದರಲ್ಲೂ ಹೆಂಗಸರಲ್ಲಿ, ಇವೆರಡೂ ಕೂಡಿದಾಗ ಸೋಡಿಯಂ ಅಪಾಯದ ಮಟ್ಟಕ್ಕೆ ಇಳಿಯುವುದುಂಟು. ಸಾಮಾನ್ಯವಾಗಿ ಅದು ಲೀಟರಿಗೆ 135ರಿಂದ 145 ಮಿಲಿಮೋಲ್ ನಡುವೆ ಇರಬೇಕು. ಕಡಿಮೆಯಾದಾಗ ಸುಸ್ತು, ತಲೆನೋವು, ವಾಕರಿಕೆ, ನಡೆಯುವಾಗ ತಡವರಿಕೆ, ಹೇಳಿದ್ದನ್ನೇ ಹೇಳುವುದು, ಗೊಂದಲ ಕಾಣಿಸಿಕೊಳ್ಳುತ್ತವೆ. ತೀರಾ ಇಳಿದರೆ ಫಿಟ್ಸ್ ಬರುತ್ತದೆ. ಇದನ್ನು ಕಂಡ ಮನೆಯವರು ‘ಮತ್ತೆ ಮನಸ್ಸಿಗೆ ಹಚ್ಚಿಕೊಂಡಿದ್ದಾರೆ’ ಎಂದೋ ‘ವಯಸ್ಸಾಯಿತಲ್ಲ’ ಎಂದೋ ಸುಮ್ಮನಾಗುತ್ತಾರೆ. ಆದ್ದರಿಂದ ಈ ವಾರದಲ್ಲೇ ಒಂದು ರಕ್ತಪರೀಕ್ಷೆ ಮಾಡಿಸಿ. ತೊಂದರೆ ಹೆಚ್ಚಾಗಿ ಔಷಧ ಶುರುವಾದ ಮೊದಲ ವಾರಗಳಲ್ಲೇ ಕಾಣಿಸಿಕೊಳ್ಳುವುದು ನಿಜವಾದರೂ, ಬೇಸಿಗೆಯಲ್ಲಿ ಅಥವಾ ವಾಂತಿಭೇದಿಯಾದಾಗ ಆಮೇಲೂ ಬರಬಹುದು. ಸೋಡಿಯಂ ಕಡಿಮೆಯಿದ್ದರೆ ಬಿಪಿ ಔಷಧವನ್ನು ಬದಲಿಸುವುದು ವೈದ್ಯರಿಗೆ ಕಷ್ಟವೇನಲ್ಲ. ಹಾಗೆಂದು ಬಿಪಿ ಮಾತ್ರೆಯನ್ನು ನೀವಾಗಿ ನಿಲ್ಲಿಸುವುದಾಗಲಿ, ಊಟದಲ್ಲಿ ಉಪ್ಪು ಹೆಚ್ಚಿಸುವುದಾಗಲಿ ಬೇಡ.

ಡೈಕ್ಲೋಫೆನಾಕ್ ಮತ್ತು ಐಬುಪ್ರೊಫೇನ್‌ನಂಥ ನೋವಿನ ಮಾತ್ರೆಗಳು ಎಸ್ಸಿಟಾಲೋಪ್ರಾಮ್ ಜೊತೆ ಸೇರಿದಾಗ ಜಠರದಲ್ಲಿ ರಕ್ತಸ್ರಾವದ ಸಂಭವ ಹೆಚ್ಚುತ್ತದೆ. ಡಾಂಬರಿನಂತೆ ಕಪ್ಪಾದ ಮಲ ಹೋದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಬಿಪಿ ಔಷಧದ ಜೊತೆ ಸೇರಿದರೆ ಇದೇ ನೋವಿನ ಮಾತ್ರೆಗಳು ಮೂತ್ರಪಿಂಡಕ್ಕೂ ಭಾರ. ಮಂಡಿನೋವಿಗೆ ಪ್ಯಾರಸಿಟಮಾಲ್, ಹಚ್ಚುವ ಮುಲಾಮು, ತೊಡೆಯ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಒಳ್ಳೆಯದು. ನೋವು ತಡೆಯಲಾಗದೆ ಬೇರೆ ವೈದ್ಯರ ಬಳಿ ಹೋದರೆ ಎಸ್ಸಿಟಾಲೋಪ್ರಾಮ್ ವಿಷಯ ಹೇಳಲು ಮರೆಯಬೇಡಿ. ಅವರು ಟ್ರಾಮಡಾಲ್ ಎಂಬ ನೋವಿನ ಔಷಧ ಬರೆದರೆ ಎರಡೂ ಕೂಡಿ ಸೆರೊಟೋನಿನ್ ಮಿತಿಮೀರಿ ಮೈ ನಡುಕ, ವಿಪರೀತ ಬೆವರು, ಜ್ವರ, ಗಾಬರಿ ಉಂಟಾಗುವ ಅಪರೂಪದ ಆದರೆ ಗಂಭೀರವಾದ ಸ್ಥಿತಿ ಬರಬಹುದು. ಹೊಟ್ಟೆಯುರಿಗೆ ಕೊಡುವ ಒಮೆಪ್ರಜೋಲ್ ಕೂಡ ರಕ್ತದಲ್ಲಿ ಎಸ್ಸಿಟಾಲೋಪ್ರಾಮ್ ಪ್ರಮಾಣವನ್ನು ಏರಿಸುತ್ತದೆ. 65 ದಾಟಿದವರಿಗೆ ನಾವು ಸಾಮಾನ್ಯವಾಗಿ ದಿನಕ್ಕೆ 10 ಮಿ.ಗ್ರಾಂ ಮೀರುವುದಿಲ್ಲ, ಏಕೆಂದರೆ ಪ್ರಮಾಣ ಹೆಚ್ಚಿದಂತೆ ಹೃದಯದ ಬಡಿತದ ಲಯ ಏರುಪೇರಾಗುವ ಸಂಭವವೂ ಹೆಚ್ಚುತ್ತದೆ. ತಾಯಿಯವರಿಗೆ ಹೃದಯದ ಕಾಯಿಲೆ ಇದ್ದರೆ ಒಂದು ಇಸಿಜಿ ಮಾಡಿಸುವುದು ಉಚಿತ.

ಎಷ್ಟು ಕಾಲ ಎಂಬ ಪ್ರಶ್ನೆಗೆ ಎರಡು ಉತ್ತರ ಕೊಡಬೇಕಾಗುತ್ತದೆ. ಮೊದಲು ಬಿಡಿಸಬೇಕಾದದ್ದು ಕ್ಲೋನಾಜೆಪಾಮ್. ರಾತ್ರಿ ಮೂತ್ರಕ್ಕೆಂದು ಎದ್ದಾಗ ಅದರ ಮಂಪರಿನಲ್ಲಿ ಬಚ್ಚಲುಮನೆಯ ಹೊಸ್ತಿಲು ಎಡವಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ ಈ ವಯಸ್ಸಿನಲ್ಲಿ ಚೇತರಿಕೆ ಬಹಳ ಕಷ್ಟ. ಅದರಿಂದ ಮರೆವೂ ಹೆಚ್ಚುತ್ತದೆ. ಆದರೆ ಈಗಿರುವ ಮಾತ್ರೆಯನ್ನೇ ಮುರಿದು ಅರ್ಧ ಕೊಟ್ಟರೆ ಎರಡು ಔಷಧಗಳೂ ಒಟ್ಟಿಗೆ ಇಳಿಯುತ್ತವೆ. ಹಾಗಾಗದಂತೆ, ಬರೀ ಎಸ್ಸಿಟಾಲೋಪ್ರಾಮ್ ಇರುವ ಮಾತ್ರೆಯನ್ನೂ, ಸಣ್ಣ ಡೋಸಿನ ಕ್ಲೋನಾಜೆಪಾಮ್ ಮಾತ್ರೆಯನ್ನೂ ಬೇರೆ ಬೇರೆಯಾಗಿ ಬರೆದುಕೊಡುವಂತೆ ನಿಮ್ಮ ವೈದ್ಯರನ್ನು ಕೇಳಿ. ಎರಡನೆಯದನ್ನು ಅವರು ವಾರಗಳ ಅಂತರದಲ್ಲಿ ಸ್ವಲ್ಪ ಸ್ವಲ್ಪವೇ ಇಳಿಸುತ್ತಾರೆ. ಎಸ್ಸಿಟಾಲೋಪ್ರಾಮ್ ಅನ್ನು, ಮೊದಲ ಸಲ ಖಿನ್ನತೆ ಬಂದವರಲ್ಲಿ, ಪೂರ್ತಿ ಚೇತರಿಸಿಕೊಂಡ ಮೇಲೆ ಕನಿಷ್ಠ ಆರು ತಿಂಗಳು ಮುಂದುವರಿಸುವುದು ವಾಡಿಕೆ. ಹಿರಿಯರಲ್ಲಿ ಕಾಯಿಲೆ ಮರುಕಳಿಸುವುದು ಹೆಚ್ಚಾದ್ದರಿಂದ ನಾನು ಒಂದು ವರ್ಷದ ಪರವಾಗಿದ್ದೇನೆ. ನಿಮ್ಮ ತಂದೆಯವರ ವರ್ಷದ ತಿಥಿ ಇನ್ನೆರಡು ತಿಂಗಳಲ್ಲಿ ಬರುತ್ತದೆ. ಆ ದಿನಗಳು ಮನಸ್ಸಿಗೆ ಭಾರವಾಗುವಂಥವು. ಅದು ಕಳೆದು, ಅವರು ಸಮಾಧಾನವಾಗಿದ್ದಾರೆಂದು ಖಚಿತವಾಗುವ ತನಕ ಎಸ್ಸಿಟಾಲೋಪ್ರಾಮ್ ಡೋಸ್ ಇಳಿಸುವ ಯೋಚನೆಯೇ ಬೇಡ. ಇಳಿಸುವಾಗಲೂ ‘ದಿನ ಬಿಟ್ಟು ದಿನ’ ಕೊಡುವ ಕ್ರಮ ಒಳ್ಳೆಯದಲ್ಲ. ಸುಮಾರು 30 ಗಂಟೆಗಳಲ್ಲಿ ರಕ್ತದಲ್ಲಿರುವ ಔಷಧ ಅರ್ಧಕ್ಕಿಳಿಯುವುದರಿಂದ, ಹಾಗೆ ಕೊಟ್ಟರೆ ಆ ಏರಿಳಿತವೇ ತಲೆಸುತ್ತು ತರುತ್ತದೆ. ದಿನವೂ ಕೊಡುತ್ತಾ ಪ್ರಮಾಣವನ್ನು ಮಾತ್ರ ಕಡಿಮೆ ಮಾಡುತ್ತಾ ಹೋಗಬೇಕು.

ಹಳೆಯ ಚೀಟಿಯ ಮೇಲೆ ಮಾತ್ರೆ ತರುವುದನ್ನು ದಯವಿಟ್ಟು ನಿಲ್ಲಿಸಿ. ಮನೋವೈದ್ಯರು ದೂರವಿದ್ದರೆ, ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ವ್ಯವಸ್ಥೆಯಿದೆ. ನಿಮ್ಮಲ್ಲಿ ಯಾವ ವಾರ ಬರುತ್ತಾರೆಂದು ಮೊದಲೇ ವಿಚಾರಿಸಿ. ಹೋಗುವಾಗ ಮನೆಯಲ್ಲಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್‌ಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ.

ಪ್ರಶ್ನೆ: ನನಗೆ 22 ವರ್ಷ. ವಿಪರೀತ ಆತಂಕ, ಬೇಸರ ಇದ್ದುದರಿಂದ ಹತ್ತು ದಿನದ ಹಿಂದೆ ಎಸ್ಸಿಟಾಲೋಪ್ರಾಮ್ 5 ಮಿ.ಗ್ರಾಂ ಶುರು ಮಾಡಿದ್ದಾರೆ. ವಾಕರಿಕೆ ಇದೆ, ಚಡಪಡಿಕೆ ಮೊದಲಿಗಿಂತ ಜಾಸ್ತಿಯಾಗಿದೆ. ಗೆಳೆಯರು ನಿಲ್ಲಿಸು ಎನ್ನುತ್ತಾರೆ. ನನ್ನ ಚಿಕ್ಕಪ್ಪನಿಗೆ ಬೈಪೋಲಾರ್ ಕಾಯಿಲೆ ಇದೆ. ಇದನ್ನು ವೈದ್ಯರಿಗೆ ಹೇಳಿಲ್ಲ.
(ಓದುಗರು, ಬೆಂಗಳೂರು)

ಉತ್ತರ: ವಾಕರಿಕೆ, ಸಣ್ಣ ತಲೆನೋವು, ತುಸು ಚಡಪಡಿಕೆ ಮೊದಲ ಒಂದೆರಡು ವಾರಗಳಲ್ಲಿ ಸಾಮಾನ್ಯ. ಊಟದ ನಂತರ ತೆಗೆದುಕೊಂಡರೆ ವಾಕರಿಕೆ ಕಡಿಮೆಯಾಗುತ್ತದೆ, ನಿದ್ದೆ ಕೆಡುತ್ತಿದ್ದರೆ ಬೆಳಗಿನ ಹೊತ್ತು ತೆಗೆದುಕೊಳ್ಳಬಹುದು. ಔಷಧದ ಗುಣ ಕಾಣುವ ಮೊದಲೇ ಅದರ ಉಪದ್ರವ ಕಾಣುವುದರಿಂದ ಬಹಳ ಮಂದಿ ಈ ಹಂತದಲ್ಲೇ ಕೈಬಿಡುತ್ತಾರೆ. ಗೆಳೆಯರ ಮಾತಿಗೆ ನೀವು ನಿಲ್ಲಿಸಬೇಡಿ. ಆದರೆ ಚಡಪಡಿಕೆ ಕೂರಲೂ ಬಿಡದಷ್ಟಿದ್ದರೆ ಮುಂದಿನ ಭೇಟಿಯ ತನಕ ಕಾಯದೆ ಇವತ್ತೇ ವೈದ್ಯರಿಗೆ ಫೋನ್ ಮಾಡಿ.

ಹೀಗೆ ಅವಸರಿಸುವುದಕ್ಕೆ ಕಾರಣವಿದೆ. 25 ವರ್ಷದೊಳಗಿನ ಕೆಲವರಲ್ಲಿ, ಔಷಧ ಶುರುವಾದ ಅಥವಾ ಡೋಸ್ ಬದಲಾದ ಮೊದಲ ವಾರಗಳಲ್ಲಿ, ಬದುಕು ಸಾಕೆನ್ನುವ ಯೋಚನೆ ಬರಬಹುದು ಅಥವಾ ಹೆಚ್ಚಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಮಕ್ಕಳು ಮತ್ತು ಹದಿಹರೆಯದವರಿಗಾಗಿ 2004ರಲ್ಲಿ ನೀಡಿದ ಎಚ್ಚರಿಕೆಯನ್ನು 2007ರಲ್ಲಿ ನಿಮ್ಮ ವಯಸ್ಸಿನವರಿಗೂ ವಿಸ್ತರಿಸಿತು. ಬಹುಪಾಲು ಜನರಿಗೆ ಹೀಗಾಗುವುದಿಲ್ಲ, ಮತ್ತು ಚಿಕಿತ್ಸೆಯಿಲ್ಲದ ಖಿನ್ನತೆಯ ಅಪಾಯ ಸಣ್ಣದಲ್ಲ. ಆದರೂ ಮನೆಯಲ್ಲಿ ನಿಮ್ಮನ್ನು ಬಲ್ಲ ಒಬ್ಬರಿಗೆ ಈ ವಿಷಯ ತಿಳಿದಿರಲಿ. ಅಂಥ ಯೋಚನೆ ಬಂದರೆ ಅದನ್ನು ಒಳಗೇ ಇಟ್ಟುಕೊಳ್ಳದೆ ಅವರಿಗೆ ಹೇಳಿ, ಹತ್ತಿರದ ಆಸ್ಪತ್ರೆಗೆ ಹೋಗಿ. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು, ಕರೆಗೆ ಹಣವಿಲ್ಲ.

ಚಿಕ್ಕಪ್ಪನವರ ಕಾಯಿಲೆಯ ವಿಷಯವನ್ನು ವೈದ್ಯರಿಗೆ ಹೇಳಲೇಬೇಕು. ಬೈಪೋಲಾರ್ ಎಂದರೆ ಮನಸ್ಸು ಕೆಲಕಾಲ ಖಿನ್ನತೆಗೆ, ಕೆಲಕಾಲ ಅತಿಯಾದ ಉತ್ಸಾಹಕ್ಕೆ ಜಾರುವ ಕಾಯಿಲೆ. ಆ ಪ್ರವೃತ್ತಿ ಇರುವವರಿಗೆ ಈ ಔಷಧವೊಂದನ್ನೇ ಕೊಟ್ಟರೆ ಮನಸ್ಸು ಖಿನ್ನತೆಯಿಂದ ಆ ಮತ್ತೊಂದು ತುದಿಗೆ ಹಾರಬಹುದು. ಎರಡು ಮೂರು ತಾಸು ಮಲಗಿದರೂ ದಣಿವಿಲ್ಲದಿರುವುದು, ತಡೆಯಿಲ್ಲದ ಮಾತು, ಯೋಚಿಸದೆ ಹಣ ಖರ್ಚು ಮಾಡುವುದು ಅದರ ಸೂಚನೆಗಳು. ಮನೆತನದಲ್ಲಿ ಒಬ್ಬರಿಗೆ ಕಾಯಿಲೆ ಇದ್ದ ಮಾತ್ರಕ್ಕೆ ನಿಮಗೂ ಬರುತ್ತದೆಂದಲ್ಲ, ಆದರೆ ಅದು ಗೊತ್ತಿದ್ದರೆ ವೈದ್ಯರು ಡೋಸ್ ಏರಿಸುವಾಗ ಹೆಚ್ಚು ಎಚ್ಚರ ವಹಿಸುತ್ತಾರೆ. ಮದ್ಯವನ್ನು ಈ ದಿನಗಳಲ್ಲಿ ಪೂರ್ತಿ ಬಿಡುವುದು ಒಳಿತು. ಮುಂದೆ ಲೈಂಗಿಕ ಆಸಕ್ತಿ ಕುಗ್ಗಿದರೆ ಸಂಕೋಚಪಟ್ಟು ಗುಟ್ಟಾಗಿ ಮಾತ್ರೆ ಬಿಡಬೇಡಿ. ಅದು ಈ ಔಷಧದಿಂದ ಅನೇಕರಿಗೆ ಆಗುವ ತೊಂದರೆ. ಡೋಸ್ ಇಳಿಸಿಯೋ ಔಷಧ ಬದಲಿಸಿಯೋ ವೈದ್ಯರು ಅದಕ್ಕೆ ದಾರಿ ಹುಡುಕುತ್ತಾರೆ.