ಹಡಗಿನಿಂದ ಸಿಂಗಪುರದ ಕಚೇರಿಗೆ: ಯಾವ ಕುರ್ಚಿ ಕೇಳಬೇಕು

ನೀವು ಬರೆದದ್ದು ಇಷ್ಟು: ಮಂಗಳೂರಿನವರು, ಪ್ರಾಡಕ್ಟ್ ಟ್ಯಾಂಕರ್‌ನಲ್ಲಿ (ಪೆಟ್ರೋಲ್, ಡೀಸೆಲ್‌ನಂಥ ತೈಲ ಸಾಗಿಸುವ ಹಡಗು) ಚೀಫ್ ಆಫೀಸರ್, ಅಂದರೆ ಕ್ಯಾಪ್ಟನ್ ನಂತರದ ಅಧಿಕಾರಿ. ಮಾಸ್ಟರ್ ಸಿಒಸಿಗೆ, ಅಂದರೆ ಕ್ಯಾಪ್ಟನ್ ಆಗಲು ಬೇಕಾದ ಅರ್ಹತಾ ಪತ್ರಕ್ಕೆ, ಇನ್ನು ಕೆಲವೇ ತಿಂಗಳ ಸೀ ಟೈಮ್ (ಹಡಗಿನ ಮೇಲಿನ ಸೇವೆ) ಬಾಕಿ. ಸಿಂಗಪುರದ ಒಂದು ಶಿಪ್ ಮ್ಯಾನೇಜ್‌ಮೆಂಟ್ ಕಂಪನಿ ಕ್ರೂಯಿಂಗ್ ವಿಭಾಗದಲ್ಲಿ (ಹಡಗಿಗೆ ಸಿಬ್ಬಂದಿ ನೇಮಿಸುವ ವಿಭಾಗ) ಕೆಲಸ ಕೊಡುತ್ತೇವೆ ಅಂದಿದೆ. ಬರಲೇ, ಮುಂದೆ ಹಲವು ಹಡಗುಗಳ ಹೊಣೆ ಹೊರುವ ಫ್ಲೀಟ್ ಮ್ಯಾನೇಜರ್ ಮಟ್ಟಕ್ಕೆ ಹೋಗಲು ಹೆಣ್ಣಿಗೆ ಇಲ್ಲಿ ದಾರಿ ಇದೆಯೇ ಅಂತ ಕೇಳಿದ್ದೀರಿ. ಅಕ್ಕ ಅಂತ ಕರೆದಿದ್ದೀರಿ, ಹಾಗಾಗಿ ಸುತ್ತಿ ಬಳಸಿ ಹೇಳುವುದಿಲ್ಲ.

ದಾರಿ ಇದೆ. ಆದರೆ ಅದು ಕ್ರೂಯಿಂಗ್ ಡೆಸ್ಕಿನಿಂದ ಹೊರಡುವುದು ಅಪರೂಪ.

2021ರ ಎರಡು ಲೆಕ್ಕ ನೋಡಿ. ಹಡಗು ಮಾಲೀಕರ ಸಂಘಟನೆಗಳಾದ ಬಿಮ್ಕೋ ಮತ್ತು ಐಸಿಎಸ್ ವರದಿಯ ಪ್ರಕಾರ ಜಗತ್ತಿನ ನಾವಿಕರಲ್ಲಿ ಹೆಂಗಸರು ಶೇ. 1.28. ಅದೇ ವರ್ಷ ವಿಶ್ವಸಂಸ್ಥೆಯ ಸಾಗರ ಸಂಸ್ಥೆ ಐಎಂಒ ಮತ್ತು ಹಡಗು ಉದ್ಯಮದ ಮಹಿಳೆಯರ ಸಂಘ ವಿಸ್ಟಾ ಸೇರಿ ಮಾಡಿದ ಸಮೀಕ್ಷೆಯಲ್ಲಿ, ಹಡಗಿನ ಮೇಲಿನವರನ್ನು ಬಿಟ್ಟು ಉಳಿದ ಉದ್ಯಮದಲ್ಲಿ ಶೇ. 29. ದಡದಲ್ಲಿ ಪರವಾಗಿಲ್ಲವಲ್ಲ ಅನ್ನಿಸುತ್ತದೆ. ಆದರೆ ಅವರು ಎಲ್ಲಿ ಕೂತಿದ್ದಾರೆ ಅಂತ ಕಚೇರಿಯೊಳಗೆ ಹೋಗಿ ನೋಡಬೇಕು: ಕ್ರೂಯಿಂಗ್, ಎಚ್‌ಆರ್, ಅಕೌಂಟ್ಸ್, ಕ್ಲೇಮ್ಸ್. ಹಡಗಿನ ಬಜೆಟ್‌ಗೆ ಸಹಿ ಹಾಕುವ, ಕ್ಯಾಪ್ಟನ್ ಮಧ್ಯರಾತ್ರಿ ಫೋನ್ ಮಾಡುವ ಮೇಜುಗಳಲ್ಲಿ ಅವರು ತೀರಾ ಕಡಿಮೆ. ಫ್ಲೀಟ್ ಮ್ಯಾನೇಜರನ್ನು ಆರಿಸುವುದು ಸಾಮಾನ್ಯವಾಗಿ ಆ ಮೇಜುಗಳಿಂದಲೇ. ಸರ್ಕಾರದ ಕಡೆ ಕಥೆ ಬೇರೆ. ಇಲ್ಲಿನ ಬಂದರು ಪ್ರಾಧಿಕಾರ ಎಂಪಿಎಗೆ 2019ರಿಂದ 2022ರವರೆಗೆ ಕ್ವಾ ಲೇ ಹೂನ್ ಮುಖ್ಯಸ್ಥೆಯಾಗಿದ್ದರು. ನಮ್ಮ ಕ್ಯಾಪ್ಟನ್ ರಾಧಿಕಾ ಮೆನನ್ ಅವರಿಗೆ 2016ರಲ್ಲಿ ಐಎಂಒ ಶೌರ್ಯ ಪ್ರಶಸ್ತಿ ಬಂದದ್ದು ನಿಮಗೆ ಗೊತ್ತೇ ಇರುತ್ತದೆ. ಇಂಥ ಹೆಸರುಗಳು ಧೈರ್ಯ ಕೊಡುತ್ತವೆ, ಆದರೆ ನಿಮ್ಮ ಆಫರ್ ಲೆಟರ್‌ನಲ್ಲಿ ಹುದ್ದೆಯ ಹೆಸರು ಬದಲಾಯಿಸುವುದಿಲ್ಲ.

ಮೊದಲು ಸಿಒಸಿ ಮುಗಿಸಿಕೊಳ್ಳಿ. ನಾವಿಕರ ತರಬೇತಿಯ ಅಂತರರಾಷ್ಟ್ರೀಯ ಒಪ್ಪಂದ ಎಸ್‌ಟಿಸಿಡಬ್ಲ್ಯು ಪ್ರಕಾರ 3,000 ಜಿಟಿಗೂ (ಹಡಗಿನ ಗಾತ್ರದ ಅಳತೆ) ದೊಡ್ಡ ಹಡಗಿನ ಮಾಸ್ಟರ್‌ಗೆ 36 ತಿಂಗಳ ಸೇವೆ ಬೇಕು. ಅದರಲ್ಲಿ 12 ತಿಂಗಳು ಚೀಫ್ ಆಫೀಸರ್ ಆಗಿದ್ದರೆ 24ಕ್ಕೆ ಇಳಿಯಬಹುದು. ಈ ಹಂತದಲ್ಲಿ ಇಳಿದು ಬಂದವರು "ಪರೀಕ್ಷೆ ಆಮೇಲೆ ಬರೆಯುತ್ತೇನೆ" ಅನ್ನುತ್ತಾರೆ. ಕಚೇರಿಯಿಂದ ರಜೆ ಹಾಕಿ ಮತ್ತೆ ಹಡಗು ಹತ್ತುವುದು ಆಗುವ ಮಾತಲ್ಲ. ಸಿಕ್ಕ ಮೇಲೂ ಐದು ವರ್ಷಕ್ಕೊಮ್ಮೆ ನವೀಕರಣ ಇದೆ: ಐದು ವರ್ಷದಲ್ಲಿ 12 ತಿಂಗಳ ಸೇವೆ, ಇಲ್ಲವೇ ಕೊನೆಯ ಆರು ತಿಂಗಳಲ್ಲಿ ಮೂರು. ಟ್ಯಾಂಕರ್ ಎಂಡಾರ್ಸ್‌ಮೆಂಟ್‌ಗೆ (ಟ್ಯಾಂಕರ್‌ನಲ್ಲಿ ಕೆಲಸ ಮಾಡಲು ಬೇಕಾದ ಹೆಚ್ಚುವರಿ ಅನುಮತಿ) ಐದು ವರ್ಷದಲ್ಲಿ ಮೂರು ತಿಂಗಳು. ಸೂಪರಿಂಟೆಂಡೆಂಟ್ ಕೆಲಸವನ್ನು (ದಡದ ಕಚೇರಿಯಿಂದ ಹಡಗುಗಳ ಮೇಲ್ವಿಚಾರಣೆ) ಸಮಾನ ಸೇವೆ ಅಂತ ಒಪ್ಪಿಸಲು ಅವಕಾಶ ಉಂಟು. ಅದಕ್ಕೆ ಕಂಪನಿಯ ಪತ್ರದಲ್ಲಿ ಯಾವ ಹಡಗು, ಯಾವ ತಾರೀಖು, ಏನು ಕೆಲಸ ಅಂತ ಸ್ಪಷ್ಟವಾಗಿರಬೇಕು. ಮೊದಲ ದಿನದಿಂದ ಒಂದು ಪಟ್ಟಿ ಬರೆದಿಡಿ.

ನೀವು ಕೇಳಬೇಕಾದ ಹುದ್ದೆ ಮರೀನ್ ಸೂಪರಿಂಟೆಂಡೆಂಟ್ ಅಥವಾ ವೆಟ್ಟಿಂಗ್ ಸೂಪರಿಂಟೆಂಡೆಂಟ್ (ತೈಲ ಕಂಪನಿಗಳ ತಪಾಸಣೆಗೆ ಹಡಗನ್ನು ಸಿದ್ಧಪಡಿಸುವವರು). ಟ್ಯಾಂಕರ್ ಅನುಭವಕ್ಕೆ ಈಗ ಬೆಲೆ ಹೆಚ್ಚು, ಏಕೆಂದರೆ 2024ರ ಸೆಪ್ಟೆಂಬರ್‌ನಿಂದ ಸೈರ್ 2.0 ಅನ್ನುವ ಹೊಸ ಟ್ಯಾಂಕರ್ ತಪಾಸಣೆ ಪದ್ಧತಿ ಬಂದಿದೆ. ಇನ್‌ಸ್ಪೆಕ್ಟರ್ ಈಗ ಕಾಗದ ನೋಡಿ ಟಿಕ್ ಹಾಕಿ ಹೋಗುವುದಿಲ್ಲ. ಪಂಪ್‌ಮ್ಯಾನ್‌ನನ್ನೇ ನಿಲ್ಲಿಸಿ ಕೆಲಸ ಮಾಡಿ ತೋರಿಸು ಅನ್ನುತ್ತಾನೆ. ನಿನ್ನೆ ಮೊನ್ನೆವರೆಗೆ ಕಾರ್ಗೋ ಕಂಟ್ರೋಲ್ ರೂಮಿನಲ್ಲಿದ್ದವರೇ ಅದಕ್ಕೆ ಹಡಗನ್ನು ತಯಾರು ಮಾಡಬಲ್ಲರು. ಅಲ್ಲಿಂದ ಡಿಪಿಎ (ಹಡಗುಗಳ ಸುರಕ್ಷತೆಗೆ ಕಂಪನಿ ದಡದಲ್ಲಿ ನೇಮಿಸುವ ಹೊಣೆಗಾರರು) ಕುರ್ಚಿ ದೂರವಿಲ್ಲ. ಹಡಗುಗಳ ಸುರಕ್ಷತಾ ನಿರ್ವಹಣೆಯ ಅಂತರರಾಷ್ಟ್ರೀಯ ನಿಯಮಾವಳಿಯಾದ ಐಎಸ್‌ಎಂ ಕೋಡ್‌ನ ನಾಲ್ಕನೇ ವಿಭಾಗ ಡಿಪಿಎಗೆ ಕಂಪನಿಯ ಅತ್ಯುನ್ನತ ಆಡಳಿತದ ಜೊತೆ ನೇರ ಸಂಪರ್ಕ ಕೊಡುತ್ತದೆ. ನಾಯಕತ್ವ ಅಂದರೆ ನನ್ನ ಲೆಕ್ಕದಲ್ಲಿ ಇದು, ವೇದಿಕೆ ಮೇಲಿನ ಪ್ಯಾನೆಲ್ ಚರ್ಚೆ ಅಲ್ಲ.

ಹುದ್ದೆ ಸಿಕ್ಕ ಮೇಲೆ ಹೆಂಗಸರು ಎಲ್ಲಿ ಹಿಂದೆ ಬೀಳುತ್ತಾರೆ ಅಂದರೆ ಲಾಂಚ್‌ನಲ್ಲಿ (ಹಡಗಿಗೆ ಕರೆದೊಯ್ಯುವ ಸಣ್ಣ ದೋಣಿ). ಮರೀನಾ ಸೌತ್ ಪಿಯರ್‌ನಿಂದ ಲಾಂಚ್ ಹಿಡಿದು ಆಂಕರೇಜಿಗೆ (ಹಡಗುಗಳು ಲಂಗರು ಹಾಕುವ ಜಾಗ) ಹೋಗುವುದು, ಹಡಗು ಹತ್ತುವುದು ಈ ಕೆಲಸದ ಅರ್ಧ. ಡೆಕ್ಕಿನ ಮೇಲೆ ನಿಂತು ಪೈಲಟ್ ಲ್ಯಾಡರ್ (ಹಡಗಿನ ಬದಿಗೆ ಇಳಿಬಿಡುವ ಹಗ್ಗದ ಏಣಿ) ಬಿಡಿಸಿದವರಿಗೆ ಅದರ ಕಷ್ಟ ಹೊಸತಲ್ಲ, ಆದರೂ ಕೆಳಗಿನಿಂದ ಹತ್ತುವ ಲೆಕ್ಕ ಬೇರೆ. ಅಲೆಯ ಮೇಲೆ ಲಾಂಚ್ ತುದಿಗೆ ಏರಿದ ಕ್ಷಣದಲ್ಲಿ ಕಾಲಿಡಬೇಕು. ಲಾಂಚ್ ತಗ್ಗಿನಲ್ಲಿದ್ದಾಗ ಇಟ್ಟರೆ, ಮೇಲೆ ಬರುವ ಲಾಂಚ್ ಕಾಲನ್ನು ಹಿಡಿಯುತ್ತದೆ. ಲ್ಯಾಪ್‌ಟಾಪ್ ಬ್ಯಾಗನ್ನು ಹೀವಿಂಗ್ ಲೈನಿಗೆ (ಡೆಕ್ಕಿನಿಂದ ಇಳಿಬಿಡುವ ತೆಳು ಹಗ್ಗ) ಕಟ್ಟಿ ಮೇಲೆ ಕಳಿಸಿ. ಖಾಲಿ ಹಡಗಿನ ಫ್ರೀಬೋರ್ಡ್ (ನೀರಿನಿಂದ ಡೆಕ್‌ವರೆಗಿನ ಎತ್ತರ) 9 ಮೀಟರ್ ದಾಟಿದ್ದರೆ ಕಾಂಬಿನೇಷನ್ ಲ್ಯಾಡರ್ (ಹಗ್ಗದ ಏಣಿಯ ಜೊತೆ ಮೆಟ್ಟಿಲ ಏಣಿ) ಇಲ್ಲದೆ ಹತ್ತಬೇಡಿ. ಕಚೇರಿಯ ಕಪಾಟಿನಲ್ಲಿ ಇರುವುದು ಗಂಡಸರ ಅಳತೆಯ ಬಾಯ್ಲರ್ ಸೂಟ್, ದೊಡ್ಡ ಗ್ಲೌಸ್. ತೋಳು ಜೋತುಬಿದ್ದು ಹಗ್ಗಕ್ಕೆ ಸಿಕ್ಕಿಕೊಳ್ಳುತ್ತದೆ. ನಿಮ್ಮ ಅಳತೆಯ ಎರಡು ಸೂಟ್, ಶೂ, ಗ್ಲೌಸ್ ಸೇರುವ ಮೊದಲೇ ಬರೆದು ಕೇಳಿ.

ಇದಕ್ಕಿಂತ ದೊಡ್ಡ ಅಪಾಯ ಕರುಣೆಯದು. "ರಾತ್ರಿ ಮಳೆ ಇದೆ, ನೀವು ಬೇಡ, ಅವನನ್ನು ಕಳಿಸೋಣ." ಒಳ್ಳೆಯ ಮನಸ್ಸಿನಿಂದಲೇ ಅನ್ನುತ್ತಾರೆ. ಆರು ಸಲ ಹಾಗಾದರೆ ಆರು ಇನ್‌ಸ್ಪೆಕ್ಷನ್ ವರದಿ ಅವನ ಹೆಸರಿನಲ್ಲಿರುತ್ತದೆ, ವರ್ಷದ ಕೊನೆಗೆ ಬಡ್ತಿಯೂ ಅವನಿಗೇ. ಸರದಿ ಪಟ್ಟಿ ಗೋಡೆಯ ಮೇಲಿರಲಿ, ನಿಮ್ಮ ಸರದಿಯಲ್ಲಿ ನೀವೇ ಹೋಗಿ.

ಇನ್ನು ಪಾಸ್ ವಿಚಾರ, ಇಲ್ಲಿ ನಮ್ಮವರು ಎಡವುವುದು ಹೆಚ್ಚು. ಎಂಪ್ಲಾಯ್‌ಮೆಂಟ್ ಪಾಸ್‌ಗೆ (ವಿದೇಶಿ ವೃತ್ತಿಪರರಿಗೆ ಬೇಕಾದ ಕೆಲಸದ ಪರವಾನಗಿ) 2025ರ ನಿಯಮದಂತೆ ಕನಿಷ್ಠ ಸಂಬಳ ತಿಂಗಳಿಗೆ 5,600 ಸಿಂಗಪುರ ಡಾಲರ್, ವಯಸ್ಸಿನ ಜೊತೆ ಏರುತ್ತಾ 45ರ ಹೊತ್ತಿಗೆ 10,700. ಲೆಕ್ಕಕ್ಕೆ ಬರುವುದು ಸ್ಥಿರ ಸಂಬಳ ಮಾತ್ರ. ಹಡಗಿಗೆ ಹೋದ ದಿನದ ಭತ್ಯೆ, ಬೋನಸ್ ಸೇರಿಸಿ ದೊಡ್ಡ ಮೊತ್ತ ತೋರಿಸಿದ್ದರೆ ಬಿಡಿಸಿ ನೋಡಿ. ಮೇಲೆ ಕಂಪಾಸ್ ಅನ್ನುವ ಅಂಕಪಟ್ಟಿ, 40 ಬೇಕು. ಮಾನ್ಯ ಪದವಿಗೆ 10 ಅಂಕ, ಕೆಲ ಉನ್ನತ ಸಂಸ್ಥೆಗಳ ಪದವಿಗೆ 20. ಡಿಎನ್‌ಎಸ್ (ನಾಟಿಕಲ್ ಸೈನ್ಸ್ ಡಿಪ್ಲೊಮಾ) ಮಾಡಿ ಬಂದಿದ್ದರೆ ಆ ಸಾಲಿನಲ್ಲಿ ಸೊನ್ನೆ ಅಂತಲೇ ಇಟ್ಟುಕೊಳ್ಳಿ, ಸಿಒಸಿ ಎಷ್ಟೇ ದೊಡ್ಡದಿರಲಿ. ಕಂಪನಿಯ ವೃತ್ತಿಪರ ಮತ್ತು ವ್ಯವಸ್ಥಾಪಕ ಮಟ್ಟದ ನೌಕರರಲ್ಲಿ ಕಾಲು ಭಾಗ ಭಾರತೀಯರೇ ಇದ್ದರೆ ವೈವಿಧ್ಯದ ಸಾಲಿನಲ್ಲೂ ಸೊನ್ನೆ. ಶಿಪ್ ಮ್ಯಾನೇಜ್‌ಮೆಂಟ್ ಕಂಪನಿಗಳಲ್ಲಿ ಇದು ಬಹಳ ಸಾಮಾನ್ಯ. ಉಳಿದದ್ದನ್ನು ಸಂಬಳ, ಸ್ಥಳೀಯರ ನೇಮಕ, ಕೊರತೆ ಉದ್ಯೋಗ ಪಟ್ಟಿಯ ಬೋನಸ್ ತುಂಬಬೇಕು. ಸಾಗರ ವಲಯದ ಹುದ್ದೆಗಳು ಆ ಪಟ್ಟಿಯಲ್ಲಿವೆ, ನಿಮ್ಮ ಹುದ್ದೆಯ ಹೆಸರು ಅದಕ್ಕೆ ಹೊಂದಬೇಕು. ಆ ಹುದ್ದೆಯ ಹೆಸರನ್ನೇ ಕೇಳಿ ಅಂದದ್ದಕ್ಕೆ ಇದೂ ಒಂದು ಕಾರಣ. ಮಾನವಶಕ್ತಿ ಸಚಿವಾಲಯದ ಜಾಲತಾಣದಲ್ಲಿ ಸ್ವಯಂ ಪರೀಕ್ಷೆಯ ಸಾಧನ ಇದೆ, ಪುಕ್ಕಟೆ.

ಯಜಮಾನರನ್ನು ಕರೆತರುವ ಯೋಚನೆ ಇದ್ದರೆ: ಡಿಪೆಂಡೆಂಟ್ ಪಾಸ್‌ಗೆ ನಿಮ್ಮ ಸ್ಥಿರ ಸಂಬಳ 6,000 ಇರಬೇಕು. ಆ ಪಾಸ್‌ನಲ್ಲಿ ಅವರು ಯಾವುದೇ ಕಂಪನಿಯಲ್ಲಿ ಕೆಲಸಕ್ಕೆ ಸೇರಬೇಕಾದರೂ ತಮ್ಮದೇ ವರ್ಕ್ ಪಾಸ್ ಬೇಕು. 2021ರ ಮೇ ತಿಂಗಳಿಂದ ಹೀಗಾಗಿದೆ. ಈ ಮಾತು ಮನೆಯಲ್ಲಿ ಟಿಕೆಟ್ ತೆಗೆಯುವ ಮೊದಲೇ ಆಗಲಿ. ಅಪ್ಪ ಅಮ್ಮನನ್ನು ದೀರ್ಘಕಾಲ ಇರಿಸಿಕೊಳ್ಳಲು 12,000 ಸಂಬಳ ಬೇಕು, ಅಂದರೆ ಸದ್ಯಕ್ಕೆ ಮರೆತುಬಿಡಿ. ಹೆರಿಗೆ ರಜೆ 16 ವಾರ ಅಂತ ಕೇಳಿರುತ್ತೀರಿ. ಅದು ಮಗು ಸಿಂಗಪುರದ ಪ್ರಜೆಯಾದರೆ. ನಿಮಗೆ 12 ವಾರ, ಅದರಲ್ಲಿ ಕಾನೂನು ಪ್ರಕಾರ ಸಂಬಳ ಸಿಗುವುದು 8 ವಾರಕ್ಕೆ, ಅದೂ ಮೊದಲ ಎರಡು ಮಕ್ಕಳಿಗೆ. ಪಾಸ್ ಕಂಪನಿಗೆ ಅಂಟಿಕೊಂಡಿರುತ್ತದೆ, ಕೆಲಸ ಬಿಟ್ಟರೆ ದೇಶದಲ್ಲಿ ಉಳಿಯಲು ಸಾಮಾನ್ಯವಾಗಿ 30 ದಿನ ಸಿಗುತ್ತದೆ.

ಕಂಪನಿಗೆ ಹೀಗೆ ಮೇಲ್ ಹಾಕಿ: ಮಾಸ್ಟರ್ ಸಿಒಸಿ ಕೈಗೆ ಬಂದ ಮೇಲೆ ಸೇರುತ್ತೇನೆ, ಹುದ್ದೆ ಮರೀನ್ ಸೂಪರಿಂಟೆಂಡೆಂಟ್, ಎಷ್ಟು ಹಡಗು, ಯಾರಿಗೆ ರಿಪೋರ್ಟ್ ಮಾಡಬೇಕು, ಸ್ಥಿರ ಸಂಬಳ ಎಷ್ಟು, ಕಂಪಾಸ್‌ನಲ್ಲಿ ಅಂಕ ಎಷ್ಟು ಬರುತ್ತದೆ. ಕ್ರೂಯಿಂಗ್ ಬಿಟ್ಟು ಬೇರೆ ಇಲ್ಲ ಅಂದರೆ, 18 ತಿಂಗಳಲ್ಲಿ ಮರೀನ್ ವಿಭಾಗಕ್ಕೆ ವರ್ಗ ಅನ್ನುವ ಒಂದು ಸಾಲನ್ನು ಆಫರ್ ಲೆಟರ್‌ನಲ್ಲಿ ಹಾಕಿಸಿ. ಅದಕ್ಕೂ ಒಪ್ಪದಿದ್ದರೆ ಮುಂದಿನ ಹಡಗಿನ ಕಾಂಟ್ರಾಕ್ಟ್‌ಗೆ ಸಹಿ ಹಾಕಿ. ಟ್ಯಾಂಕರ್ ಮಾಸ್ಟರ್ ಆಗಿ ಒಂದೆರಡು ಕಾಂಟ್ರಾಕ್ಟ್ ಮುಗಿಸಿದವರಿಗೆ ಈ ಊರಿನಲ್ಲಿ ಬೇರೆ ಬಾಗಿಲುಗಳಿವೆ.