ದಪ್ಪ ದನಿಯವರಿಗೆ ಬರೀ ಸೈತಾನನ ಪಾತ್ರವೇ?

ಕಳೆದ ಸಂಚಿಕೆಯಲ್ಲಿ ಆಪೆರಾ, ಅಂದರೆ ಪಾಶ್ಚಾತ್ಯ ಸಂಗೀತ ನಾಟಕದ ಬಗ್ಗೆ ಬಂದ ಲೇಖನ ಓದಿ ಮೈಸೂರಿನ ಓದುಗರೊಬ್ಬರು ಬರೆದಿದ್ದಾರೆ: 'ಪ್ರೀತಿ ಮಾಡುವ ನಾಯಕನ ಪಾತ್ರವೆಲ್ಲ ಎತ್ತರದ ದನಿಯ ಟೆನರ್‌ಗೆ. ದಪ್ಪ ದನಿಯ ಬಾಸ್ ಗಾಯಕನಿಗೆ ಮುದಿ ರಾಜ, ಪಾದ್ರಿ, ಸೈತಾನ. ಜೀವನವಿಡೀ ಪಕ್ಕದಲ್ಲಿ ನಿಲ್ಲುವುದೂ ಒಂದು ವೃತ್ತಿಯೇ?'

ನಿಮ್ಮ ಮಾತು ಸುಳ್ಳಲ್ಲ. ಚಪ್ಪಾಳೆ ಟೆನರ್‌ಗೇ ಜಾಸ್ತಿ. ಆದರೆ ಮುದಿ ರಾಜನದು ಸಣ್ಣ ಪಾತ್ರ ಅಂತ ನಿಮಗೆ ಹೇಳಿದ್ದು ಯಾರು?

ರಷ್ಯಾದ ಬಾಸ್ ಗಾಯಕ ಫ್ಯೋದರ್ ಶಲ್ಯಾಪಿನ್ ಅವರನ್ನೇ ನೋಡಿ. 1873ರಲ್ಲಿ ಕಜಾನ್‌ನಲ್ಲಿ ಹುಟ್ಟಿದ ಬಡವರ ಮನೆ ಹುಡುಗ. ಚಪ್ಪಲಿ ಹೊಲಿಯುವವರ ಹತ್ತಿರ ಕೆಲಸ ಕಲಿತವರು. ಟಿಫ್ಲಿಸ್‌ನಲ್ಲಿ (ಇಂದಿನ ಜಾರ್ಜಿಯಾದ ಟಿಬಿಲಿಸಿ) ಉಸಾತೊವ್ ಎಂಬ ಗುರು ಕಾಸು ತಗೊಳ್ಳದೆ ಪಾಠ ಹೇಳಿಕೊಟ್ಟರು. ಆ ಗುರು ಸ್ವತಃ ಟೆನರ್, ಗೊತ್ತಾ!

1898ರಲ್ಲಿ, 25ರ ವಯಸ್ಸಿಗೆ, ಶಲ್ಯಾಪಿನ್ ಮೊದಲ ಸಲ ಮುಸೋರ್ಗ್‌ಸ್ಕಿಯ ಆಪೆರಾ 'ಬೊರಿಸ್ ಗೊದುನೊವ್'ನ ತ್ಸಾರ್ ಆದರು, ಅಂದರೆ ರಷ್ಯಾದ ದೊರೆ ಬೊರಿಸ್. ಪಾತ್ರ ಕಲಿಸಿದ್ದು ಗೆಳೆಯ, ಸಂಗೀತ ಸಂಯೋಜಕ ರಾಖ್ಮನಿನೊವ್. ಅಷ್ಟು ಸಾಲದೆ ಇತಿಹಾಸಕಾರ ಕ್ಲ್ಯುಚೆವ್‌ಸ್ಕಿ ಅವರ ಹತ್ತಿರ ಹೋಗಿ ಆ ಕಾಲದ ಬಗ್ಗೆ ಕೇಳಿ ತಿಳಿದರು. ಇಲ್ಲಿ ನಾಯಕ ಬಾಸ್ ಗಾಯಕನೇ.

ಲಂಡನ್ನಿನ ಕೋವೆಂಟ್ ಗಾರ್ಡನ್ ರಂಗಮಂದಿರದಲ್ಲಿ 1928ರಲ್ಲಿ ಪ್ರದರ್ಶನದ ವೇಳೆಯೇ ಧ್ವನಿಮುದ್ರಿಸಿಕೊಂಡ ಬೊರಿಸ್‌ನ ಸಾವಿನ ದೃಶ್ಯ ಇದೆ. ದಯವಿಟ್ಟು ಕೇಳಿ. ಸಾಯುತ್ತಿರುವ ರಾಜ 'ನಾನಿನ್ನೂ ತ್ಸಾರ್' ಅಂತ ಅಬ್ಬರಿಸುತ್ತಾನೆ. ಆಮೇಲೆ ಆ ಕಂಚಿನ ಕಂಠ ಕರಗಿ ಕರಗಿ, 'ಕ್ಷಮಿಸಿ' ಅನ್ನುವಷ್ಟರಲ್ಲಿ ಬರೀ ಉಸಿರಾಗುತ್ತದೆ. ನಾನು ಪ್ರತಿ ಸಲವೂ ಅಲ್ಲಿ ಓದುವುದು ಬರೆಯುವುದು ನಿಲ್ಲಿಸಿ ಕೂರುತ್ತೇನೆ.

1907ರಲ್ಲಿ ಮೆಟ್ರೊಪಾಲಿಟನ್ ಆಪೆರಾದಲ್ಲಿ ಹಾಡಿದಾಗ ನ್ಯೂಯಾರ್ಕಿನವರಿಗೆ ಶಲ್ಯಾಪಿನ್ ಹಿಡಿಸಲಿಲ್ಲ. 1921ರಲ್ಲಿ, 48ರ ವಯಸ್ಸಿನಲ್ಲಿ, ಅದೇ ರಂಗಕ್ಕೆ ಬೊರಿಸ್ ಆಗಿ ಮರಳಿದರು. ಜೊತೆಯವರೆಲ್ಲ ಇಟಾಲಿಯನ್‌ನಲ್ಲಿ ಹಾಡಿದರೆ ಇವರು ರಷ್ಯನ್‌ನಲ್ಲೇ ಹಾಡಿ ಗೆದ್ದರು. ದಪ್ಪ ದನಿ ಮಾಗುವುದು ನಿಧಾನ. ಹಲಸಿನಕಾಯಿಯನ್ನು ಒತ್ತಿ ಹಣ್ಣು ಮಾಡೋಕಾಗುತ್ತಾ?

ನಮ್ಮಲ್ಲಿ ಆ ತಾಳ್ಮೆ ಎಲ್ಲಿದೆ ಹೇಳಿ? ಟಿವಿ ಸ್ಪರ್ಧೆಗಳಲ್ಲಿ ಎಂಟು ವರ್ಷದ ಮಕ್ಕಳು ನರ ಉಬ್ಬಿಸಿಕೊಂಡು ಮೇಲಿನ ಷಡ್ಜಕ್ಕೆ ಏರಬೇಕು. ಮಂದ್ರದಲ್ಲಿ ನಿಂತು ಹಾಡಿದರೆ ಚಪ್ಪಾಳೆ ಇಲ್ಲ.

ಒಂಬತ್ತನೇ ಕ್ಲಾಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹುಡುಗನಿಗೆ ಆಗಷ್ಟೇ ದನಿ ಒಡೆದಿತ್ತು. ನಾಡಗೀತೆ ಅಭ್ಯಾಸದಲ್ಲಿ ಮೇಷ್ಟರು ಅವನನ್ನು ಕೊನೇ ಸಾಲಿಗೆ ತಳ್ಳಿ, 'ನೀನು ಸುಮ್ನೆ ಬಾಯಿ ಆಡಿಸು ಸಾಕು' ಅಂದರು. ಅವನು ಮತ್ತೆ ಹಾಡಲೇ ಇಲ್ಲ. ಈಗಲೂ ಫೋನಿನಲ್ಲಿ ಅವನ 'ಹಲೋ' ತಂಬೂರಿಯ ಕೊನೇ ತಂತಿ ಮೀಟಿದ ಹಾಗಿರುತ್ತದೆ. ಕೇಳಿದಾಗಲೆಲ್ಲ ಆ ಮೇಷ್ಟರ ಮೇಲೆ ನನಗೆ ಸಿಟ್ಟು ಬರುತ್ತದೆ.

-ಸಂ.